ಹೆಡ್ ಅಕ್ಕೋರ ನಿದ್ದೆ

ಹೆಂಡತಿಯ ಭಾರ ಇಳಿಸಲು ಹೋದಾಗಲೆಲ್ಲ ನಾನೇ ಇನ್ನೊಂದು ಭಾರವಾಗಿ ಕೂರುವುದು ನಮ್ಮ ಮನೆಯಲ್ಲಿ ನಡೆದು ಬಂದಿರುವ ಪದ್ಧತಿ. ಹುಬ್ಬಳ್ಳಿ ಪೇಟೆಯಲ್ಲಿ ನನ್ನದೊಂದು ಫ್ಯಾನು, ಮಿಕ್ಸರ್ ರಿಪೇರಿ ಅಂಗಡಿ, ಮನೆ ಬೈರಿದೇವರಕೊಪ್ಪದಲ್ಲಿ. ಏನೇ ಕೆಟ್ಟರೂ ಕೈಹಾಕಿದರೆ ಸರಿಹೋಗುತ್ತದೆ ಎಂಬುದು ನನ್ನ ನಂಬಿಕೆ. ಈ ನಂಬಿಕೆ ಅಂಗಡಿಯಲ್ಲಿ ಅನ್ನ ಹಾಕುತ್ತದೆ, ಮನೆಯಲ್ಲಿ ಬೈಸುತ್ತದೆ.

ಹೆಂಡತಿ ಸರ್ಕಾರಿ ಶಾಲೆಯಲ್ಲಿ ಶಿಕ್ಷಕಿ. ನಮ್ಮ ಕಡೆ ಅಕ್ಕೋರು ಅನ್ನುತ್ತಾರೆ. ಪಾಠ ಹೇಳಿಕೊಂಡು ಆರಾಮಾಗಿದ್ದವಳನ್ನು ಹೋದ ವರ್ಷ ಪ್ರಭಾರ ಹೆಡ್ ಅಕ್ಕೋರಾಗಿ ಕೂರಿಸಿದರು. ಅಂದಿನಿಂದ ಬಿಸಿಯೂಟದ ಗ್ಯಾಸು, ಮೊಟ್ಟೆ, ಬಾಳೆಹಣ್ಣು, ಮೊಬೈಲಿನಲ್ಲಿ ದಿನವೂ ಏರಿಸಬೇಕಾದ ಹಾಜರಿ, ಎಲ್ಲ ಅವಳ ತಲೆಯ ಮೇಲೆ. ನಿದ್ದೆ ಹಾರಿಹೋಯಿತು. ನಿದ್ದೆ ಹೋದ ಜಾಗಕ್ಕೆ ಬಿಪಿ ಬಂತು.

ಬಾಳೆಹಣ್ಣಿನ ವೈದ್ಯ

ಸತ್ತೂರಿನ ಕಡೆ ಒಬ್ಬ ಡಾಕ್ಟರಿಗೆ ತೋರಿಸಿದೆವು. ಅವರು ಅವಳ ತೋಳಿಗೆ ಪಟ್ಟಿ ಸುತ್ತಿ ಗಾಳಿ ತುಂಬುತ್ತಿದ್ದಂತೆ ಫೋನು ಬಂತು. ಶಾಲೆಯ ಅಡುಗೆಯಾಕೆ. ಯಂತ್ರದ ಅಂಕಿ ನಮ್ಮ ಕಣ್ಣೆದುರೇ ಮೇಲೇರಿತು.

"ಇಲ್ಲಿ ಕೊಡ್ರಿ ಆ ಫೋನ್," ಎಂದು ಡಾಕ್ಟರು ಕಸಿದುಕೊಂಡರು. "ನಿಮ್ಮ ಮೇಡಂಗ ಆರಾಮಿಲ್ಲ. ಏನಿದ್ರೂ ನನ್ನ ಮುಂದ ಹೇಳ್ರಿ."

ಆಕೆ ಹೇಳಿದಳು. ಬಾಳೆಹಣ್ಣು ಕಪ್ಪಾಗಿವೆ, ಹಂಚಬೇಕೋ ವಾಪಸ್ ಕಳಿಸಬೇಕೋ? ಡಾಕ್ಟರು, "ಪೂರಾ ಕಪ್ಪ ಅದಾವೋ, ಬರೇ ಚುಕ್ಕಿ ಬಿದ್ದಾವೋ?" ಎಂದರು. ಅಲ್ಲಿಂದ ಮಾತು ಬೆಳೆಯಿತು. ಹಂಚಿದರೆ ತಾಯಂದಿರು ಜಗಳಕ್ಕೆ ಬರುತ್ತಾರೆ, ಹಂಚದಿದ್ದರೆ ಮಕ್ಕಳು ಅಳುತ್ತಾರೆ, ವಾಪಸ್ ಕಳಿಸಿದರೆ ಹಣ್ಣಿನವನು ನಾಳೆಯಿಂದ ಬರುವುದಿಲ್ಲ. ಹೊರಗೆ ರೋಗಿಗಳು ಕೆಮ್ಮುತ್ತ ಕೂತಿದ್ದರು. ಕೊನೆಗೆ ಡಾಕ್ಟರು ಫೋನು ಇಟ್ಟು, ಹಣೆ ಒರೆಸಿಕೊಂಡು, ನನ್ನ ಹೆಂಡತಿಯನ್ನು ಗೌರವದಿಂದ ನೋಡಿದರು.

"ನಿಮ್ಮ ಬಿಪಿ ಕಡಿಮೀನ ಐತಿ ಬಿಡ್ರಿ ಅಕ್ಕೋರ. ಈ ಕೆಲಸಕ್ಕ ಇನ್ನೂ ಹೆಚ್ಚ ಇರಬೇಕಿತ್ತು."

ನಕ್ಕೆವು. ಆದರೆ ಅವರು ಆಮೇಲೆ ಹೇಳಿದ್ದು ನಗುವ ಮಾತಲ್ಲ. ಒಂದು ತಿಂಗಳು ನೋಡೋಣ, ನಿದ್ದೆ ಸರಿಯಾಗಿ ಬಂದರೆ ಬಿಪಿ ತಾನೇ ಇಳಿದೀತು, ಇಲ್ಲದಿದ್ದರೆ ಗುಳಿಗೆ ಶುರು ಮಾಡೋಣ ಎಂದರು. ಅವಳ ತಾಯಿಗೆ ಹೆಚ್ಚುಕಡಿಮೆ ಇದೇ ವಯಸ್ಸಿನಲ್ಲಿ ಬಿಪಿ ಏರಿ ಲಕ್ವ ಹೊಡೆದಿತ್ತು. ಬಸ್ಸಿನಲ್ಲಿ ಇಬ್ಬರಿಗೂ ಅದೇ ನೆನಪು. ನನಗೆ ಹೆದರಿಕೆಯಾಗಿತ್ತು. ಹೇಗಾದರೂ ಮಾಡಿ ಇವಳಿಗೆ ನಿದ್ದೆ ಬರಿಸಬೇಕು ಎಂದು ಅಲ್ಲೇ ಪಣ ತೊಟ್ಟೆ.

ರೊಟ್ಟಿ ಬಡಿದದ್ದು

ಮೊದಲು ಅಡುಗೆ ಕೆಲಸ ತಪ್ಪಿಸೋಣ ಎಂದು ಒಂದು ಸಂಜೆ ಅವಳನ್ನು ಸೋಫಾದ ಮೇಲೆ ಮಲಗಿಸಿ ನಾನೇ ಜೋಳದ ರೊಟ್ಟಿಗೆ ಕೂತೆ. ನಮ್ಮ ಕಡೆ ರೊಟ್ಟಿ ಬಡಿಯುವ ಸಪ್ಪಳಕ್ಕೇ ಒಂದು ಲಯವಿದೆ. ಗೋಡೆಯಾಚೆ ಕೂತವರೂ ಯಾರ ಕೈ ಎಂದು ಹೇಳಬಲ್ಲರು. ನಾನು ಎರಡು ಸಲ ಬಡಿಯುವಷ್ಟರಲ್ಲಿ ಎದುರುಮನೆಯ ಕಾಕಾ ಕಿಟಕಿಯಿಂದ ಕೂಗಿದರು: "ಗ್ವಾಡಿಗೆ ಮೊಳಿ ಹೊಡ್ಯಾಕತ್ತೀರೇನ್ರಿ?"

ಆ ಸಪ್ಪಳ ಕೇಳಿಸಿಕೊಂಡು ಮಲಗುವುದು ಹೆಂಡತಿಗೆ ಸಾಧ್ಯವಾಗಲಿಲ್ಲ. ಸೆರಗು ಸಿಕ್ಕಿಸಿಕೊಂಡು ಬಂದಳು. "ಸರೀರಿ ಅತ್ಲಾಗ." ಹಿಟ್ಟು ಎಳೆದುಕೊಂಡು ಬಡಿಯತೊಡಗಿದಳು. ಅಂಥ ಬಡಿತ ನಾನು ಕಂಡಿರಲಿಲ್ಲ.

"ಇದು ಮೀಟಿಂಗ್ ಕರದವರಿಗೆ," ಎಂದು ಒಂದು ರೊಟ್ಟಿ ಹಂಚಿಗೆ ಹಾಕಿದಳು. "ಇದು ನೆಟ್‌ವರ್ಕಿಗೆ." ಎರಡನೆಯದು. "ಇದು ಆ ಬಾಳಿಹಣ್ಣಿನವಂಗ." ಅವಳ ಮುಖ ಸ್ವಲ್ಪ ಸ್ವಲ್ಪ ಹಗುರಾಗುತ್ತ ಬಂತು. ನನಗೂ ಖುಷಿಯಾಯಿತು. ಕೊನೆಯ ಉಂಡೆಯನ್ನು ಎಲ್ಲಕ್ಕಿಂತ ಜೋರಾಗಿ ಬಡಿದಳು.

"ಇದು ಯಾರಿಗೆ?" ಎಂದೆ ಪ್ರೀತಿಯಿಂದ.

"ಹಿಟ್ಟ ಹಾಳ ಮಾಡಿದವರಿಗೆ," ಎಂದು ಅದನ್ನು ನನ್ನ ತಾಟಿಗೇ ಹಾಕಿದಳು.

ಚಾಚಾ ಹೇಳಿದ ಉಪಾಯ

ನನ್ನ ಅಂಗಡಿಯ ಪಕ್ಕದಲ್ಲಿ ಒಬ್ಬ ವಯಸ್ಸಾದ ಟೇಲರ್ ಚಾಚಾ ಇದ್ದಾರೆ. ನನ್ನ ಗೋಳು ಕೇಳಿ ಅವರು ಕತ್ತರಿ ಕೆಳಗಿಟ್ಟರು.

"ಭಾಭಿ ಮಾತಾಡಿದ್ರ ಸುಮ್ನ ಕೇಳ್ರಿ ಭಾಯಿ. ಹಂಗ ಮಾಡು, ಹಿಂಗ ಮಾಡು ಅಂತ ಉಪಾಯ ಹೇಳಾಕ ಹೋಗಬ್ಯಾಡ್ರಿ. ಹೆಂಗಸರಿಗೆ ಕೇಳವರು ಬೇಕು, ರಿಪೇರಿ ಮಾಡವರಲ್ಲ."

ರಿಪೇರಿಯವನಿಗೆ ಇದಕ್ಕಿಂತ ದೊಡ್ಡ ಶಿಕ್ಷೆ ಇಲ್ಲ. ಆದರೂ ಅವತ್ತು ಸಂಜೆ ಬಾಯಿ ಬಿಗಿಹಿಡಿದು ಕೂತೆ. ಗ್ಯಾಸ್ ಸಿಲಿಂಡರ್ ಹೊತ್ತಿಗೆ ಸರಿಯಾಗಿ ಬರುವುದಿಲ್ಲ ಎಂದಳು. ಇನ್ನೊಂದು ಮೊದಲೇ ತರಿಸಿಡು ಎಂಬ ಮಾತು ನಾಲಿಗೆಯ ತುದಿಗೆ ಬಂತು, ನುಂಗಿದೆ. ಶಾಲೆಯಲ್ಲಿ ಎಲ್ಲರೂ ಎಲ್ಲದಕ್ಕೂ ತನ್ನನ್ನೇ ಕೇಳುತ್ತಾರೆ ಎಂದಳು. ಅದಕ್ಕೆ ಹೊಳೆದ ಉಪಾಯವನ್ನೂ ನುಂಗಿದೆ. ಬೆವರು ಬಂತು.

"ಏನಾರ ಹೇಳ್ರಲಾ! ಗ್ವಾಡಿ ಮುಂದ ಮಾತಾಡಿದಂಗ ಆಗಾಕತ್ತೇತಿ," ಎಂದು ಎದ್ದು ಹೋದಳು.

ಮರುದಿನ ಶಾಲೆ ಬಿಟ್ಟ ಮೇಲೆ ಅವಳು ಅಂಗಡಿಗೆ ಬಂದಳು. ನನ್ನ ಬಳಿಗಲ್ಲ, ಚಾಚಾನ ಬಳಿಗೆ, ಜಂಪರ್ ಹೊಲಿಯಲು ಕೊಡುವುದಕ್ಕೆ. ಅಳತೆ ಹೇಳುತ್ತ ಹೇಳುತ್ತ ಸಿಲಿಂಡರಿನ ಕಥೆಯನ್ನೂ ಹೇಳಿದಳು. ಚಾಚಾ ತಕ್ಷಣ, "ಇನ್ನೊಂದು ಮೊದಲ ತರಿಸಿ ಇಟ್ಟಬಿಡ್ರಿ," ಎಂದರು. ಇವಳ ಮುಖ ಅರಳಿತು. "ನೋಡ್ರಿ, ಎಷ್ಟ ಛಲೋ ಹೇಳಿದ್ರು!" ಎಂದು ನನಗೇ ಹೇಳಿ ಹೋದಳು.

ನನಗೆ ತಡೆಯಲಾಗಲಿಲ್ಲ. "ಏನ್ ಚಾಚಾ, ಉಪಾಯ ಹೇಳಬಾರದು ಅಂದಿದ್ರಿ?"

ಚಾಚಾ ಸೂಜಿಗೆ ದಾರ ಪೋಣಿಸುತ್ತ ತಲೆ ಎತ್ತದೆ ಹೇಳಿದರು: "ಅದು ಗಂಡಗ ಅಷ್ಟ, ಭಾಯಿ."

ಓಣಿಯೆಲ್ಲ ಬಂದದ್ದು

ತಿಂಗಳು ಮುಗಿಯುತ್ತ ಬಂದಿತ್ತು. ನಿದ್ದೆ ಮಾತ್ರ ಬಂದಿರಲಿಲ್ಲ. ಹೀಗಿರುವಾಗ ಒಂದು ಶನಿವಾರ ಬೆಳಿಗ್ಗೆ ಎದ್ದು ನೋಡುತ್ತೇನೆ, ಪಕ್ಕದಲ್ಲಿ ಹೆಂಡತಿ ಗಾಢ ನಿದ್ದೆಯಲ್ಲಿದ್ದಾಳೆ. ಬಾಯಿ ತುಸು ತೆರೆದಿದೆ, ಸಣ್ಣಗೆ ಗೊರಕೆ. ಅದನ್ನು ಕೇಳಿ ನನ್ನ ಕಣ್ಣಲ್ಲಿ ನೀರು ಬಂತು.

ಈ ನಿದ್ದೆ ಕೆಡಬಾರದು. ಶಾಲೆಯ ಇನ್ನೊಬ್ಬ ಅಕ್ಕೋರಿಗೆ, ಇವತ್ತು ಇವಳು ಬರುವುದಿಲ್ಲ ಎಂದು ತಿಳಿಸಿ ಎರಡೂ ಫೋನು ಬಂದ್ ಮಾಡಿದೆ. ಬಾಗಿಲಿನ ಕರೆಗಂಟೆಯ ವೈರು ಬಿಚ್ಚಿದೆ. ಬಕೆಟ್ಟಿನ ಸಪ್ಪಳವಾದೀತೆಂದು ಅಂಗಳಕ್ಕೆ ನೀರು ಹಾಕಲಿಲ್ಲ. ರಂಗೋಲಿಯಂತೂ ನನ್ನ ತಲೆಗೇ ಹೊಳೆಯಲಿಲ್ಲ. ಗಡ್ಡ ಬೋಳಿಸದೆ, ಬನೀನಿನ ಮೇಲೆ ಟವೆಲ್ ಹೊದ್ದು, ಬಾಗಿಲ ಹೊರಗೆ ಕುರ್ಚಿ ಹಾಕಿ ಕಾವಲು ಕೂತೆ.

ಹಾಲಿನವನು ಕೂಗಲು ಬಾಯಿ ತೆರೆದ. ನಾನು ತುಟಿಗೆ ಬೆರಳಿಟ್ಟೆ. ಅವನು ನನ್ನನ್ನು ನೋಡಿದ, ರಂಗೋಲಿ ಇಲ್ಲದ ಬರಿ ನೆಲವನ್ನು ನೋಡಿದ, ತಲೆಯ ಟೊಪ್ಪಿಗೆ ತೆಗೆದು ಸದ್ದಿಲ್ಲದೆ ಹೋದ. ಸಾವಾದ ಮನೆಯ ಮುಂದೆ ನಮ್ಮಲ್ಲಿ ರಂಗೋಲಿ ಹಾಕುವುದಿಲ್ಲ. ಇದು ನನಗೆ ಗೊತ್ತಿಲ್ಲದ್ದೇನಲ್ಲ, ಆ ಹೊತ್ತಿಗೆ ನೆನಪಾಗಲಿಲ್ಲ.

ಸ್ವಲ್ಪ ಹೊತ್ತಿಗೆ ಎದುರುಮನೆಯ ಟಿವಿ ತಣ್ಣಗಾಯಿತು. ಕಾಕಾ, ಅವರು ರೈಲ್ವೆಯಿಂದ ನಿವೃತ್ತರು, ಬಿಳಿ ಅಂಗಿ ಹಾಕಿಕೊಂಡು ಬಂದು ನನ್ನ ಪಕ್ಕದ ಕಟ್ಟೆಯ ಮೇಲೆ ತಲೆ ತಗ್ಗಿಸಿ ಕೂತರು. ಹಿಂದೆಯೇ ಓಣಿಯ ನಾಲ್ಕಾರು ಮಂದಿ ಬಂದರು. ಯಾರೂ ತುಟಿ ಪಿಟಕ್ಕೆನ್ನಲಿಲ್ಲ. ಇವಳ ಬಿಪಿಯ ವಿಷಯ ಕಾಕಾಗೆ ನಾನೇ ಹೇಳಿದ್ದೆ. ನಿದ್ದೆ ಕೆಡದಂತೆ ನೋಡಿಕೊಳ್ಳಲು ಎಲ್ಲರೂ ಬಂದಿದ್ದಾರೆ ಎಂದುಕೊಂಡೆ. ಎಂಥ ಒಳ್ಳೆಯ ಓಣಿ!

"ಚಾ ಮಾಡ್ಲೇನ್ರಿ?" ಎಂದು ಪಿಸುಗುಟ್ಟಿದೆ.

"ಈ ಹೊತ್ತಿನ್ಯಾಗ ಚಾ?" ಕಾಕಾ ಬೆಚ್ಚಿದರು. ನನ್ನ ಬೆನ್ನು ಸವರಿ, "ಮಗಳಿಗೆ ತಿಳಿಸೀರಿಲ್ಲೋ?" ಎಂದರು. ಮಗಳು ಬೆಳಗಾವಿಯಲ್ಲಿ ಓದುತ್ತಾಳೆ.

"ನಾ ಯಾಕ್ರಿ ತಿಳಸ್ಲಿ? ಸಂಜೀಕ ಅವರವ್ವನೇ ಫೋನ್ ಮಾಡ್ತಾಳ."

ಕಾಕಾ ಉಳಿದವರ ಮುಖ ನೋಡಿದರು. ಒಬ್ಬರು ನನ್ನ ತಲೆಗೆ ತಣ್ಣೀರು ಹಾಕುವುದು ಒಳ್ಳೆಯದು ಎಂದರು. ಅಷ್ಟರಲ್ಲಿ ಕಾಕಾನ ಹೆಂಡತಿ, ನಮ್ಮ ಕಾಕೂ, ಬುಟ್ಟಿ ತುಂಬ ರೊಟ್ಟಿ, ಎಣಗಾಯಿ ಪಲ್ಯ, ಬೋಗುಣಿಯಲ್ಲಿ ಅನ್ನ ಹೊತ್ತು ತಂದರು. "ಇವತ್ತ ನಿಮ್ಮ ಮನ್ಯಾಗ ಒಲಿ ಹಚ್ಚೂಹಂಗಿಲ್ಲಲ್ಲಪಾ," ಎಂದು ಸೆರಗಿನಿಂದ ಕಣ್ಣೊರೆಸಿಕೊಂಡರು.

ಆಗ ನನಗೆ ಮೊದಲ ಸಲ ಅನುಮಾನ ಬಂತು. ಬಾಯಿ ತೆರೆಯುವಷ್ಟರಲ್ಲಿ ನನ್ನ ಬೆನ್ನ ಹಿಂದೆ ಬಾಗಿಲು ಕಿರ್ರೆಂದಿತು. ಕೂದಲು ಕೆದರಿಕೊಂಡು, ಆಕಳಿಸುತ್ತ, ನನ್ನ ಹೆಂಡತಿ ಹೊಸ್ತಿಲ ಮೇಲೆ ನಿಂತಿದ್ದಳು.

"ಯವ್ವಾ!" ಎಂದು ಚೀರಿದ ಕಾಕೂ ಬುಟ್ಟಿ ಬಿಡಲಿಲ್ಲ, ಅದೊಂದು ಪುಣ್ಯ. ಕಾಕಾ ಕಟ್ಟೆಯಿಂದ ಜಾರಿ ತುಳಸಿ ಕುಂಡ ಹಿಡಿದುಕೊಂಡರು.

ಹೆಂಡತಿ ಬಿಳಿ ಅಂಗಿಗಳನ್ನು ನೋಡಿದಳು, ರೊಟ್ಟಿ ನೋಡಿದಳು, ಬರಿ ಅಂಗಳ ನೋಡಿದಳು, ಆಮೇಲೆ ನನ್ನನ್ನು ನೋಡಿದಳು. ಹೆಡ್ ಅಕ್ಕೋರಲ್ಲವೇ, ಒಂದೇ ನೋಟಕ್ಕೆ ಎಲ್ಲ ತಿಳಿಯಿತು. "ನನ್ನ ಸಾಯಿಸೇಬಿಟ್ರೇನ್ರಿ!" ಎಂದವಳೇ ಹೊಸ್ತಿಲ ಮೇಲೆ ಕುಸಿದು ಕೂತು ನಗತೊಡಗಿದಳು. ಎಷ್ಟೋ ತಿಂಗಳಿಂದ ಆ ನಗು ನಾನು ಕೇಳಿರಲಿಲ್ಲ. ಓಣಿಯೂ ಸೇರಿಕೊಂಡಿತು.

ಸಾವಿನ ಮನೆಗೆಂದು ತಂದ ಅಡುಗೆಯನ್ನು ವಾಪಸ್ ಒಯ್ಯಬಾರದು ಎಂದು ಕಾಕೂ ಹಟ ಹಿಡಿದರು. ಹಾಗಾಗಿ ಎಲ್ಲರೂ ನಮ್ಮ ಪಡಸಾಲೆಯಲ್ಲೇ ಉಣ್ಣಲು ಕೂತೆವು. ತನ್ನ ಹೆಸರಿನ ಊಟವನ್ನು ಹೆಂಡತಿ ಎರಡೆರಡು ಸಲ ಹಾಕಿಸಿಕೊಂಡು ಉಂಡಳು. ಕೈ ತೊಳೆದ ಮೇಲೆ ಅವಳಿಗೆ ಶಾಲೆ ನೆನಪಾಯಿತು. ಹೆದರುತ್ತ ಹೆದರುತ್ತ ಇನ್ನೊಬ್ಬ ಅಕ್ಕೋರಿಗೆ ಫೋನು ಹಚ್ಚಿದಳು. ನಾವೆಲ್ಲ ಕಿವಿಗೊಟ್ಟೆವು.

"ಎಲ್ಲಾ ಬರೋಬರಿ ಆತ್ರಿ ಮೇಡಂ. ಊಟ ಆತು, ಹಾಜರಿ ಏರಿಸಿದ್ವಿ. ಒಂದೊಂದಕ್ಕೂ ನಿಮ್ಮನ್ನ ಕೇಳಕೋತ ನಿಂದ್ರೂದು ಇರಲಿಲ್ಲಲ್ರಿ, ಲಗೂನ ಮುಗೀತು."

ಹೆಂಡತಿ ಫೋನು ಇಟ್ಟಳು. ಮತ್ತೆ ಏರಿತಲ್ಲ ಬಿಪಿ ಎಂದುಕೊಂಡೆ. ಆದರೆ ಅವಳು ಹೊರೆ ಇಳಿಸಿದವಳಂತೆ ದೊಡ್ಡದೊಂದು ಉಸಿರು ಬಿಟ್ಟಳು.

"ಕೇಳಿದ್ರ್ಯಾ? ನಾ ಸತ್ರ ಸಾಲಿ ಛಲೋ ನಡೀತದಂತ! ಮತ್ತ್ಯಾಕ ನಾ ನಿದ್ದಿ ಗೆಡ್ಲಿ?"

ಮುಂದೆ ಆಸ್ಪತ್ರೆಯಲ್ಲಿ ಗುಳಿಗೆ ಬೇಡ ಎಂದರು ಅನ್ನಿ. ಆದರೆ ನನ್ನ ಜೀವ ತಂಪಾದದ್ದು ಆ ಮಧ್ಯಾಹ್ನವೇ, ಅವಳು ಮತ್ತೊಮ್ಮೆ ಚಾದರ ಎಳೆದುಕೊಂಡು ಮಲಗಲು ಎದ್ದಾಗ. ಕಾಕಾ ಡರ್ರನೆ ತೇಗಿ, ಗಂಭೀರವಾಗಿ ಹೇಳಿದರು:

"ಆರಾಮ ಮಲಗವಾ ತಂಗಿ. ತಿಂಗಳಿಗೊಮ್ಮೆ ಹಿಂಗ ಸಾಯಿ, ಊಟದ ವ್ಯವಸ್ಥಾ ನಾವು ನೋಡ್ಕೋತೇವಿ."