ಮಾಳಿಗೆಯ ಮೇಲಿನ ಕೋಚಿಂಗ್

ಬೇರೆಯವರ ಕೊರಳಿನ ಸರ ಕಂಡರೆ ನನಗೆ ಹೊಟ್ಟೆಕಿಚ್ಚಾಗುವುದಿಲ್ಲ. ಅವರ ಮನೆಯ ತಾರಸಿ, ಅವರ ಮಗಳ ಮಾರ್ಕು, ಅವರ ಗಂಡ ಬೊಂಬಾಯಿಯಿಂದ ತಂದ ಸೀರೆ, ಇವನ್ನೆಲ್ಲ ನೋಡಿಯೂ ನಾನು ಚೆನ್ನಾಗಿಯೇ ನಿದ್ದೆ ಮಾಡುತ್ತೇನೆ. ನನ್ನ ಹೊಟ್ಟೆಕಿಚ್ಚಿನ ದಾರಿಯೇ ಬೇರೆ. ಯಾರಾದರೂ ತಮ್ಮ ಮನೆಯ ಕಷ್ಟವನ್ನು ನನಗೆ ಹೇಳದೆ ಇನ್ನೊಬ್ಬರಿಗೆ ಹೇಳಿದರೆ ಸಾಕು, ಗಂಟಲಲ್ಲಿ ಅನ್ನ ಇಳಿಯುವುದಿಲ್ಲ. ಕುಂದಾಪುರದ ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಟೈಲರ್ ಅಂಗಡಿ ಹಾಕಿಕೊಂಡ ಮೇಲೆ ಅಂಟಿದ ಕಾಯಿಲೆ ಇದು. ರವಿಕೆಯ ಅಳತೆ ಕೊಡಲು ಬಂದ ಹೆಂಗಸರು ಸುಮ್ಮನೆ ಕೊಟ್ಟು ಹೋಗುವುದಿಲ್ಲ. ಟೇಪು ಬೆನ್ನಿಗೆ ತಾಗಿದ್ದೇ ತಡ, ಅತ್ತೆಯ ವಿಷಯ ಶುರುವಾಗುತ್ತದೆ. ತೋಳಿನ ಸುತ್ತಳತೆಗೆ ಬರುವಾಗ ಗಂಡನ ಕುಡಿತ. ನಾನು ಕತ್ತರಿ ಆಡಿಸುತ್ತಲೇ ಬುದ್ಧಿ ಹೇಳುತ್ತೇನೆ. ನನ್ನ ಮಾತಿನಿಂದ ಎಷ್ಟು ಸಂಸಾರ ಸರಿಹೋಯಿತೋ ಗೊತ್ತಿಲ್ಲ. ಆದರೆ ರವಿಕೆ ಬಿಗಿಯಾಯಿತೆಂದು ಯಾರೂ ಜಗಳಕ್ಕೆ ಬಂದದ್ದಿಲ್ಲ. ಸಲಹೆಯ ಮುಲಾಜು ಇರುತ್ತದಲ್ಲ.

ಹೀಗಿರುವಾಗ, ಎಲ್ಲರ ಕೈಗೂ ಮೊಬೈಲು ಬಂದಿದ್ದ ಕಾಲದಲ್ಲಿ, ಅಂಗಡಿಯ ಮೇಲಿನ ಖಾಲಿ ಕೋಣೆಗೆ ಬ್ರಹ್ಮಾವರದ ಸುಮನಾ ಎಂಬವಳು ಬಾಡಿಗೆಗೆ ಬಂದಳು. ಮೆಟ್ಟಿಲ ಬುಡದಲ್ಲಿ ಒಂದು ಬೋರ್ಡು: ‘ವೈಯಕ್ತಿಕ ಮತ್ತು ಕೌಟುಂಬಿಕ ಕೋಚಿಂಗ್’. ಮೊದಲ ವಾರವೇ ಶಿರೂರಿನಿಂದ ಬಂದ ಒಬ್ಬರು, ಮಗನಿಗೆ ಗಣಿತದ ಕೋಚಿಂಗ್ ಎಷ್ಟು ಹೊತ್ತಿಗೆ ಎಂದು ಕೇಳಿ, ಇಲ್ಲಿ ಗಣಿತವಿಲ್ಲ, ಸಂಸಾರ ಮಾತ್ರ ಎಂದು ತಿಳಿದು ಅವಸರದಲ್ಲಿ ಇಳಿದು ಹೋದರು. ನನಗೂ ಅರ್ಥವಾಗಿರಲಿಲ್ಲ. ಅವಳನ್ನೇ ನಿಲ್ಲಿಸಿ ಕೇಳಿದೆ.

“ಎಂತ ಕಲ್ಸೂದ್ ಮಾರಾಯ್ತಿ ನೀನು?”

“ಕಲ್ಸೂದಲ್ಲ ಅಕ್ಕ. ಬಂದೋರ್ ಮಾತಾಡ್ತ್ರ್, ನಾನ್ ಕೇಣ್ತೆ. ನಡು ನಡು ಒಂದೊಂದ್ ಪ್ರಶ್ನೆ ಹಾಕ್ತೆ. ದಾರಿ ಅವ್ರೇ ಹುಡ್ಕಂತ್ರ್.”

“ಬುದ್ಧಿ ಹೇಳೂದಿಲ್ಯಾ?”

“ಇಲ್ಲ ಅಕ್ಕ.”

ಬುದ್ಧಿಯನ್ನೇ ಹೇಳದವಳು ಎಷ್ಟು ದಿನ ನಡೆಸಿಯಾಳು ಎಂದುಕೊಂಡು ನಾನು ನೆಮ್ಮದಿಯಾಗಿ ಮೆಷಿನ್ನಿಗೆ ಮರಳಿದೆ.

ಮೊದಲು ಪಕ್ಷ ಬಿಟ್ಟವರು ವಂಡ್ಸೆಯ ಗಿರಿಜಕ್ಕ. ಅವರ ಸೊಸೆಯ ಪ್ರಕರಣವನ್ನು ವರ್ಷಗಟ್ಟಲೆ ನಾನೇ ನಡೆಸಿಕೊಂಡು ಬಂದಿದ್ದೆ. ಸೊಸೆಯನ್ನು ನಾನು ಕಣ್ಣಿಂದ ಕಂಡವಳಲ್ಲ, ಆದರೂ ಅವಳ ಮೇಲೆ ಗಿರಿಜಕ್ಕನಿಗಿಂತ ಹೆಚ್ಚು ಸಿಟ್ಟು ನನಗಿತ್ತು. ಅಂಥ ಗಿರಿಜಕ್ಕ ಒಂದು ದಿನ ತುಟಿ ಬಿಚ್ಚದೆ ಅಳತೆ ಕೊಟ್ಟು, ಸೀದಾ ಮೆಟ್ಟಿಲು ಹತ್ತಿದರು. ಇಳಿದು ಬರುವಾಗ ಸ್ನಾನ ಮಾಡಿ ಬಂದವರ ಹಾಗೆ ಮುಖ ತಿಳಿಯಾಗಿತ್ತು.

“ಎಂತ ಹೇಳ್ತ್ಳ್ ಅವ್ಳ್?” ಎಂದೆ.

“ಎಂತದೂ ಹೇಳ್ಲಿಲ್ಲ ಕಾಣ್. ನಾನ್ ಹೇಳಿದ್ದನ್ನ್ ಕೂಕಂಡ್ ಕೇಂಡ್ಳ್.”

“ನಾನೂ ಕೇಣ್ತಿದ್ನಲೆ ಗಿರಿಜಕ್ಕ.”

ಅವರು ನನ್ನ ಮೆಷಿನ್ನನ್ನೊಮ್ಮೆ ನೋಡಿ, ಬಸ್ಸಿಗೆ ಹೊತ್ತಾಯಿತು ಎಂದು ಹೊರಟುಹೋದರು. ಆ ದಿನ ಸುಮನಾ ಕೆಳಗೆ ಬಂದು ಸೂಜಿದಾರ ಕೇಳಿದಾಗ, ಇಲ್ಲ ಎಂದುಬಿಟ್ಟೆ. ಟೈಲರ್ ಅಂಗಡಿಯಲ್ಲಿ ಕೂತು ಸೂಜಿದಾರ ಇಲ್ಲ ಎನ್ನಲು ಎಷ್ಟು ಹೊಟ್ಟೆಕಿಚ್ಚು ಬೇಕೋ ಅಷ್ಟು ನನ್ನಲ್ಲಿತ್ತು.

ಆದರೆ ಅದೆಲ್ಲ ಬರೀ ಪೀಠಿಕೆ. ನಿಜವಾದ ಉರಿ ಶುರುವಾದದ್ದು ನಮ್ಮನೆಯವರಿಂದ. ಅವರು ಗಂಗೊಳ್ಳಿ ಬಂದರಿನ ದಕ್ಕೆಯಲ್ಲಿ, ಬೋಟಿನಿಂದ ಮೀನು ಇಳಿಸುವ ಕಟ್ಟೆಯಲ್ಲಿ, ಮೀನಿನ ಏಲಂ ಕೂಗುವವರು. ಬೋಟುಗಳ ಸದ್ದು, ಕಾಗೆಗಳ ಗಲಾಟೆ, ಎಲ್ಲದರ ಮೇಲೆ ಅವರ ಸ್ವರ ನಿಲ್ಲುತ್ತಿತ್ತು. ಮನೆಗೆ ಬಂದರೆ ಮಾತ್ರ ಬಾಯಿಗೆ ಬೀಗ. ಸಾರಿಗೆ ಉಪ್ಪು ಸಾಕೋ ಎಂದರೆ ‘ಹ್ಞೂಂ’, ಬೇಕೋ ಎಂದರೂ ‘ಹ್ಞೂಂ’. ದಿನವಿಡೀ ಕೂಗಿದವರಿಗೆ ಮನೆಯಲ್ಲಿ ಎಲ್ಲಿ ಮಾತು ಉಳಿದೀತು ಎಂದು ನಾನೂ ಬಿಟ್ಟಿದ್ದೆ. ಆ ಮಳೆಗಾಲ ಬೋಟು ಬಂದ್ ಆದಾಗ ಅವರಿಗೆ ಕೆಲಸವಿರಲಿಲ್ಲ. ಮಧ್ಯಾಹ್ನ ನನಗೆ ಬುತ್ತಿ ತಂದುಕೊಟ್ಟು, ಸ್ವಲ್ಪ ಹೊತ್ತು ಬಾಗಿಲಲ್ಲಿ ನಿಂತು, ಹೋಗುತ್ತಿದ್ದರು. ಮನೆಗೆ ಹೋಗುತ್ತಾರೆ ಎಂದುಕೊಂಡಿದ್ದೆ. ಒಂದು ದಿನ ತಲೆಯ ಮೇಲಿನ ಹಲಗೆಯಾಚೆಯಿಂದ ಗಂಡಸಿನ ನಗು ಕೇಳಿಸಿತು. ಎಲ್ಲೋ ಕೇಳಿದ ನಗು. ಮೆಷಿನ್ ನಿಲ್ಲಿಸಿ ಕಿವಿ ಕೊಟ್ಟೆ. ನಮ್ಮ ಮದುವೆಯ ಹೊಸತರಲ್ಲಿ ಕೇಳಿದ್ದ ನಗು ಅದು.

ಆ ದಿನ ಹೊಲಿದ ರವಿಕೆಯಲ್ಲಿ ಎಡತೋಳು ಬಲಕ್ಕೆ ಹೋಯಿತು. ಸಂಜೆ ಮನೆಯಲ್ಲಿ, “ಮೇಲೆ ಹೊಯ್ದಿದ್ರಿಯಾ?” ಎಂದೆ. “ಹ್ಞೂಂ.” “ಎಂತ ಮಾತಾಡಿದ್ರಿ?” “ಹೀಂಗೇ.” ಮರುವಾರ ಅವರು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬುತ್ತಿ ತಂದರು. ನನ್ನ ಗಂಡನಿಗೆ ಇಸ್ತ್ರಿ ಪೆಟ್ಟಿಗೆ ಎಲ್ಲಿದೆ ಎಂದು ಗೊತ್ತಿದ್ದದ್ದೇ ನನಗೆ ಹೊಸ ಸುದ್ದಿ. ಅವರು ಮೇಲಿಂದ ಇಳಿದು ಹೋದ ಮೇಲೆ ನಾನೇ ಮೆಟ್ಟಿಲು ಹತ್ತಿದೆ.

“ನಮ್ಮನೆಯೋರ್ ನಿನ್ ಹತ್ರ ಎಂತ ಹೇಳ್ತ್ರ್?” ಎಂದು ನಿಂತಲ್ಲೇ ಕೇಳಿದೆ.

“ಅವ್ರ್ ಹೇಳಿದ್ದ್ ನಾನ್ ಹೇಳುಕಾಗ ಅಕ್ಕ,” ಎಂದಳು ಸುಮನಾ ಮೆಲ್ಲಗೆ. “ನಿಮ್ಮನ್ನೂ ಕರ್ಕಂಡ್ ಬಪ್ಪುಕ್ ನಾನೇ ಅವ್ರಿಗ್ ಹೇಳಿದ್ದೆ. ನಾಳೆ ಇಬ್ರೂ ಬನಿ. ಒಂದೇ ಮಾತ್. ಅವ್ರ್ ಮುಗ್ಸುವರೆಗೆ ನೀವ್ ನಡು ಮಾತಾಡುಕಾಗ.”

ಇದೊಂದು ಶರತ್ತೇ ಎಂದು ಒಪ್ಪಿಕೊಂಡೆ. ಮರುದಿನ ಅವರು ಮೂರು ಶಬ್ದ ಆಡುವುದರೊಳಗೆ ನನ್ನ ಬಾಯಿ ತೆರೆದಿತ್ತು. ಸುಮನಾ ಕೈ ಎತ್ತಿದಳು. ನಾಲಿಗೆ ಕಚ್ಚಿಕೊಂಡು ಕೂತೆ. ಅವರು ನೆಲ ನೋಡುತ್ತಾ ಹೇಳಿದರು:

“ಏಲಂ ಕೂಗೂಕ್ ಈಗೀಗ ಆತಿಲ್ಲ. ಸ್ವರ ಒಡೀತ್ತ್, ಗಂಟ್ಲ್ ನೋವ್. ಬೋಟ್ ಶುರುವಾರೆ ಎಂತ ಮಾಡೂದ್ ಅಂದ್ ಹೆದ್ರಿಕೆ. ಇವ್ಳಿಗ್ ಹೇಳ್ಕು ಅಂದ್ ಎಷ್ಟೋ ಸಲ ಅಂಗ್ಡಿಗ್ ಬಂದೆ. ಮೆಷಿನ್ ಹತ್ರದ ಸ್ಟೂಲಂಗೆ ಯಾರಾರೂ ಕೂಕಂಡಿರ್ತ್ರ್. ಊರ್ ಹೆಂಗ್ಸ್ರದ್ದೆಲ್ಲ ಇವ್ಳ್ ಕೇಣ್ತ್ಳ್. ಮನೇಲ್ ನಾನ್ ಬಾಯ್ ತೆಗೆದ್ರೆ ಅರ್ಧ ಮಾತ್ ಇವ್ಳೇ ಮುಗ್ಸ್ತ್ಳ್. ಆ ಸ್ಟೂಲಂಗ್ ಕೂತೋರನ್ನ್ ಕಂಡ್ರೆ ನಂಗ್ ಹೊಟ್ಟೆ ಉರೀತ್ತ್.”

ಗಂಟಲಿನ ವಿಷಯ ಕೇಳಿ ಹೆದರಿಕೆಯಾಯಿತು. ರಾತ್ರಿ ಅವರು ಕೆಮ್ಮುವಾಗೆಲ್ಲ ಬೀಡಿ ಬಿಡಿ ಎಂದು ಪಾಠ ಹೇಳಿ ಮಗ್ಗುಲು ಬದಲಿಸಿದವಳು ನಾನು. ಜೊತೆಗೆ, ಇದನ್ನು ಹೇಳಬಾರದು, ಗಂಡನಿಗೆ ನನ್ನ ದೆಸೆಯಿಂದ ಹೊಟ್ಟೆ ಉರಿಯುತ್ತದೆ ಎಂದು ತಿಳಿದು ಒಳಗೊಳಗೇ ಸ್ವಲ್ಪ ಹಿತವೂ ಆಯಿತು. ಈಗ ನೀವು ಹೇಳಿ ಎಂದು ಸುಮನಾ ನನ್ನತ್ತ ತಿರುಗಿದಾಗ ನನ್ನ ಬಾಯಿಂದ ಬಂದದ್ದು ಬರೀ ಒಂದು ‘ಹ್ಞೂಂ’.

ವಾರದೊಳಗೆ ಡಾಕ್ಟರರನ್ನು ಕಂಡೆವು. ಹೆದರುವಂಥದ್ದೇನಿರಲಿಲ್ಲ, ಕೂಗುವುದನ್ನು ಬಿಡಬೇಕು ಎಂದರು. ಬೋಟುಗಳು ಮತ್ತೆ ಕಡಲಿಗಿಳಿದಾಗ ಏಲಂ ಬೇರೆಯವರ ಪಾಲಾಯಿತು. ಇವರಿಗೆ ಐಸ್ ಪ್ಲಾಂಟಿನಲ್ಲಿ ಮಧ್ಯಾಹ್ನದ ಮೇಲಿನ ಕೆಲಸ ಸಿಕ್ಕಿತು. ಬೆಳಗ್ಗೆ ನನ್ನ ಜೊತೆಗೇ ಅಂಗಡಿಗೆ ಬಂದು ರವಿಕೆಗೆ ಹುಕ್ಕು ಹಾಕುತ್ತಾರೆ. ಮೀನಿನ ವಿಷಯ, ದಕ್ಕೆಯ ವಿಷಯ ಹೇಳುತ್ತಾರೆ, ನಾನು ಮೆಷಿನ್ ನಿಲ್ಲಿಸಿ ಕೇಳುತ್ತೇನೆ. ಸುಮನಾಳಿಗೆ ಒಂದು ರವಿಕೆ ಕೂಲಿಯಿಲ್ಲದೆ ಹೊಲಿದುಕೊಟ್ಟೆ. ಇನ್ನು ಯಾರ ಮೇಲೂ ಹೊಟ್ಟೆಕಿಚ್ಚಿಲ್ಲ ಎಂದು ಹಗುರಾಗಿದ್ದೆ.

ಮೊನ್ನೆ ಗಿರಿಜಕ್ಕ ಬಂದರು. ಮೆಟ್ಟಿಲ ಕಡೆ ನೋಡದೆ ನೇರ ಅಂಗಡಿಗೇ ಬಂದದ್ದು ಕಂಡು ನನಗೆ ಹಬ್ಬವಾಯಿತು. ಟೇಪು ಹಿಡಿದು ಎದ್ದು, “ಸೊಸೆ ವಿಷ್ಯ ಹ್ಯಾಂಗಿತ್ತ್ ಗಿರಿಜಕ್ಕ?” ಎಂದು ಕೇಳಿದೆ.

ಅವರು ನನ್ನ ಹೆಗಲಾಚೆ, ನಮ್ಮನೆಯವರು ಕೂತು ಹುಕ್ಕು ಹಾಕುವ ಜಾಗದತ್ತ ಇಣುಕಿದರು. “ಅಣ್ಣಯ್ಯ ಬರ್ಲಿಲ್ಯಾ ಇವತ್ತ್?”

“ಇಲ್ಲ, ಬ್ಯಾಂಕಿಗ್ ಹೊಯ್ದ್ರ್. ಎಂತ ಆಯ್ಕಿತ್ತ್?”

“ಎಂತ ಇಲ್ಲ. ಹೋದ್ ಸಲ ನೀನ್ ಚಾ ತರೂಕ್ ಹೋದಾಗ ಅವ್ರ್ ಹತ್ರ ಸೊಸೆ ವಿಷ್ಯ ಸ್ವಲ್ಪ ಹೇಳಿದ್ದೆ. ಎಷ್ಟ್ ಲಾಯ್ಕ್ ಮಾಡಿ ಕೇಣ್ತ್ರ್ ಮಾರಾಯ್ತಿ,” ಎಂದು ರವಿಕೆಯ ಬಟ್ಟೆಯನ್ನು ಮತ್ತೆ ಚೀಲಕ್ಕೆ ಹಾಕಿಕೊಂಡು ಗಿರಿಜಕ್ಕ ಹೊರಟರು. “ನಾಳೆ ಅವ್ರ್ ಇಪ್ಪ ಹೊತ್ತಿಗ್ ಬತ್ತೆ.”