ಸೀಲು ಬಿದ್ದ ಓಟ

ತುಮಕೂರಿನ ಸದಾಶಿವನಗರದ ವಾದಿರಾಜ ಜೀವಮಾನದಲ್ಲಿ ಓಡಿದ್ದು ಶಿರಾ ಗೇಟಿನಲ್ಲಿ ಬಸ್ಸಿನ ಹಿಂದೆ ಮಾತ್ರ. ಅದೂ ಸಿಕ್ಕಿದ್ದು ಕಡಿಮೆ. ಆದರೆ ಅವನ ಹತ್ತಿರ ಕೆಂಪು ರಟ್ಟಿನ ಒಂದು ನೋಟ್‌ಬುಕ್ಕಿತ್ತು. ಅದನ್ನು ನಂಬುವುದಾದರೆ ತುಮಕೂರು ಜಿಲ್ಲೆಯಲ್ಲಿ ಅಂಥ ಓಟಗಾರ ಗುಮಾಸ್ತ ಹುಟ್ಟಿರಲೇ ಇಲ್ಲ. 'ಗುಬ್ಬಿ, 1500 ಮೀಟರ್, ಪ್ರಥಮ. ನಾಲ್ಕು ನಿಮಿಷ ಮೂವತ್ತೊಂದು ಸೆಕೆಂಡ್. ಎದುರುಗಾಳಿ.' 'ಕುಣಿಗಲ್, 800 ಮೀಟರ್, ದ್ವಿತೀಯ. ಕಾಲಿಗೆ ಮುಳ್ಳು.' ಅಲ್ಲಲ್ಲಿ ದ್ವಿತೀಯ ಬರುವಷ್ಟು ವಿನಯ ಅವನಿಗಿತ್ತು ಅನ್ನಿ.

ಸುಳ್ಳು ಬರೆಯುವುದಕ್ಕೂ ಈ ಮಹಾನುಭಾವ ಒಂದು ಕ್ರಮ ಇಟ್ಟುಕೊಂಡಿದ್ದ. ಕಚೇರಿಗೆ ಬಂದ ದಿನ ಓಡಿದೆ ಅಂದರೆ ಹಾಜರಿ ಪುಸ್ತಕ ಬಾಯಿ ಬಿಡುತ್ತದೆ. ಭಾನುವಾರ ಅನ್ನೋಣವೆಂದರೆ ಜವಾನ ಕಾಳಯ್ಯನ ಮನೆ ಎದುರಿಗೇ ಇದೆ. ವಾದಿರಾಜ ಜಗಲಿ ಬಿಟ್ಟು ಏಳದಿರುವುದನ್ನು ಅವನು ಇಡೀ ದಿನ ನೋಡುತ್ತಿರುತ್ತಾನೆ. ಹಾಗಾಗಿ ನಿಜವಾಗಿಯೂ ಕಾಯಿಲೆ ಬಿದ್ದು, ರಜೆ ಹಾಕಿ, ಮನೆಯೊಳಗೆ ಮಲಗಿದ್ದ ದಿನಗಳನ್ನೇ ಹುಡುಕಿ ಓಟ ಬರೆದಿದ್ದ.

1998ರ ಜನವರಿಯ ಒಂದು ಬೆಳಿಗ್ಗೆ ಜಿಲ್ಲಾ ನೌಕರರ ಕ್ರೀಡಾಕೂಟದ ಸುತ್ತೋಲೆ ಬಂತು. ಕಚೇರಿ ತಂಡಕ್ಕೊಬ್ಬ ನಾಯಕ ಬೇಕು. ನಾಯಕ ಓಡಬೇಕಾಗಿಲ್ಲ, ಬಿಳಿ ಬೂಟು ಹಾಕಿ ಬಾವುಟ ಹಿಡಿದು ಮುಂದೆ ನಡೆದರಾಯಿತು. ಹಿಂದಿನ ಸಾಧನೆಗೆ ಮಾತ್ರ ಅಧಿಕಾರಿಯ ಸಹಿ, ಸೀಲು ಬೇಕು. ವಾದಿರಾಜನಿಗೆ ಆ ಬಾವುಟ ಬಿಟ್ಟು ಲೋಕದಲ್ಲಿ ಬೇರೇನೂ ಕಾಣಲಿಲ್ಲ.

ಹೊಸ ಸಾಹೇಬರು ತಾರೀಖು ತಾಳೆ ನೋಡದೆ ಸಹಿ ಹಾಕುವವರಲ್ಲ, ಆ ಬುಕ್ಕು ಒಳಗೆ ಒಯ್ಯಬೇಡಿ ಎಂದು ಟೈಪಿಸ್ಟ್ ಮೆಹರ್ ಬಾನು ಹೇಳಿದಳು. ಹೊಟ್ಟೆಕಿಚ್ಚು ಅಂದುಕೊಂಡು ವಾದಿರಾಜ ಕಾಲರ್ ಸರಿಮಾಡಿಕೊಂಡು ಒಳಗೆ ನಡೆದ.

ಸಾಹೇಬರು ಅಕ್ರಂ ಪಾಷಾ ನೋಟ್‌ಬುಕ್ಕನ್ನು ಪುಟ ಬಿಡದೆ ಓದಿದರು. ವಾದಿರಾಜ ಹಿಗ್ಗಿದ. ಆಮೇಲೆ ಕಾಳಯ್ಯನನ್ನು ಕರೆದು ರಜೆ ಪುಸ್ತಕ ತರಿಸಿ ಪಕ್ಕದಲ್ಲಿಟ್ಟುಕೊಂಡರು.

"ಏನ್ರೀ ಇದು? ಗುಬ್ಬೀಲಿ ಫಸ್ಟ್ ಬಂದ ದಿನ ನಿಮಗೆ ಟೈಫಾಯ್ಡ್. ಕುಣಿಗಲ್ ದಿನ ಕಾಮಾಲೆ. ಸುಳ್ಳು ಸರ್ಟಿಫಿಕೇಟ್ ಕೊಟ್ಟು ಓಡೋಕೆ ಹೋಗಿದ್ರಾ?"

"ಇಲ್ಲ ಸಾರ್. ಕಾಯಿಲೆ ನಿಜ. ಓಟ ಸುಳ್ಳು. ನಾನು ಯಾವತ್ತೂ ಓಡೇ ಇಲ್ಲ ಸಾರ್."

ನೋಟ್‌ಬುಕ್ಕು ಶುರುಮಾಡಿದ ಆರು ವರ್ಷದಲ್ಲಿ ಅವನ ಬಾಯಿಂದ ಬಂದ ಮೊದಲ ಸತ್ಯ ಅದು. ಸಾಹೇಬರು ನಕ್ಕುಬಿಟ್ಟರು. ಡಾಕ್ಟರ್ ಚೀಟಿ ಯಾರು ಬೇಕಾದರೂ ತರುತ್ತಾರೆ, ಕಾಲಿಗೆ ಮುಳ್ಳು ಚುಚ್ಚಿದ್ದನ್ನು ಯಾರಾದರೂ ಸುಳ್ಳು ಬರೆಯುತ್ತಾರೇನ್ರೀ ಎಂದರು.

ನೀನಾದರೂ ನಿಜ ಹೇಳು ಎಂಬಂತೆ ವಾದಿರಾಜ ಕಾಳಯ್ಯನ ಕಡೆ ತಿರುಗಿದ, ಕೈಮುಗಿಯುವುದೊಂದು ಬಾಕಿ. ಇವನ ಓಟದ ಪುರಾಣ ಕೇಳುತ್ತಾ ಟ್ರೇ ಹಿಡಿದು ನಿಂತು, ಟೀ ಆರಿಸಿಕೊಂಡು, ಕಚೇರಿಯವರೆಲ್ಲರಿಂದ ಬೈಸಿಕೊಂಡವನು ಕಾಳಯ್ಯ. ಒಂದು ದಿನವೂ ಒಂದಕ್ಷರ ನಂಬಿದವನಲ್ಲ. ಈಗ ಮುಖ ಗಂಭೀರ ಮಾಡಿಕೊಂಡು ಹೇಳಿದ:

"ಗುಬ್ಬೀಲಿ ಗೆದ್ದಿದ್ದು ದಿಟ ಸಾ. ನಂಗೇ ನೂರು ಸಲ ಹೇಳವ್ರೆ. ನಮ್ ಸ್ವಾಮೇರು ಸುಳ್ಳೇಳೋರಲ್ಲ ಬುಡಿ."

ಮೆಹರ್ ಬಾನುವನ್ನೂ ಕರೆಸಿ ಕೇಳಿದರು. ಇವರು ಓಟದ ಕೊನೆಯಲ್ಲಿ ರಿಬ್ಬನ್ ಮುಟ್ಟಿದ ರೀತಿಯನ್ನು ಮೇಜಿನ ಮುಂದೆ ಎದೆ ಉಬ್ಬಿಸಿ ಮಾಡಿ ತೋರಿಸಿದ್ದು ನಿಜ ಎಂದು ಅವಳೂ ಹೇಳಿದಳು. ಅದು ಸುಳ್ಳೇನಲ್ಲ.

ಸಂಜೆ ನಾಲ್ಕಕ್ಕೆ ಅವಳ ಕೈಯಲ್ಲೇ ಟೈಪಾದ ಮೆಮೊ ಬಂತು. 'ಸದರಿ ನೌಕರರು ಸುಳ್ಳು ಅನಾರೋಗ್ಯದ ರಜೆ ಪಡೆದು, ಗುಬ್ಬಿಯಲ್ಲಿ 1500 ಮೀಟರ್ ಓಟದಲ್ಲಿ ಭಾಗವಹಿಸಿ, ನಾಲ್ಕು ನಿಮಿಷ ಮೂವತ್ತೊಂದು ಸೆಕೆಂಡಿನಲ್ಲಿ ಪ್ರಥಮ ಸ್ಥಾನ ಗಳಿಸಿರುವುದು ರುಜುವಾತಾಗಿದೆ. ಇವರನ್ನು ಪಾವಗಡಕ್ಕೆ ವರ್ಗಾಯಿಸಿದೆ.' ಕೆಳಗೆ ಅಧಿಕಾರಿಯ ಸಹಿ. ಸಹಿಯ ಮೇಲೆ ದುಂಡನೆಯ ಸೀಲು.

ವಾದಿರಾಜ ಅಳುತ್ತಲೇ ಶಿರಾ ಗೇಟಿಗೆ ಹೋಗಿ ಎರಡು ಜೆರಾಕ್ಸ್ ಮಾಡಿಸಿದ. ಒಂದನ್ನು, ಇದರಲ್ಲಿರುವುದೆಲ್ಲ ಶುದ್ಧ ಸುಳ್ಳು ಎಂದು ಮೇಲಧಿಕಾರಿಗಳಿಗೆ ಬರೆದ ಅರ್ಜಿಗೆ ಪಿನ್ ಮಾಡಿದ. ಇನ್ನೊಂದನ್ನು ಅಂಗಡಿಯವನ ಹತ್ತಿರವೇ ಗೋಂದು ಕೇಳಿ ಇಸಿದುಕೊಂಡು, ಕೆಂಪು ನೋಟ್‌ಬುಕ್ಕಿನ ಗುಬ್ಬಿ ಪುಟದಲ್ಲಿ ನೀಟಾಗಿ ಅಂಟಿಸಿದ.