ಮೂರು ಬಾಯಿಯ ಪೆಟ್ಟಿಗೆ

ನಮ್ಮ ಮನೆಯಲ್ಲಿ ನನ್ನ ಮಾತು ನಡೆದದ್ದು ಮೂವತ್ನಾಲ್ಕು ವರ್ಷಗಳಲ್ಲಿ ಒಂದೇ ಸಲ, ಅದೂ ಸ್ಪೀಕರಿನ ವಿಷಯದಲ್ಲಿ. ನಡೆಯದಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು.

ದೀಪಾವಳಿಗೆ ಕಪಾಟು ಸ್ವಚ್ಛ ಮಾಡುವಾಗ ಒಂದು ಹಳೆಯ ಕ್ಯಾಸೆಟ್ ಸಿಕ್ಕಿತು. ಧಾರವಾಡದಲ್ಲಿ ನನ್ನ ಹೆಂಡತಿ ಅನುಸೂಯಾಳನ್ನು ಕನ್ಯಾ ನೋಡಲು ಹೋದಾಗ ಅವಳು ಹಾಡಿದ ದೇವರನಾಮ ಅದರಲ್ಲಿತ್ತು. (ಕನ್ಯಾ ನೋಡಲು ಟೇಪ್ ರೆಕಾರ್ಡರ್ ಹೊತ್ತು ಹೋದ ವರ ನಾನೊಬ್ಬನೇ ಇರಬೇಕು. ಊರಲ್ಲಿದ್ದ ಅಜ್ಜಿಗೆ ಹುಡುಗಿಯ ಧ್ವನಿ ಕೇಳಿಸಬೇಕಾಗಿತ್ತು. ಅಜ್ಜಿಯ ಒಪ್ಪಿಗೆಯಿಲ್ಲದೆ ನಮ್ಮಲ್ಲಿ ಹಿತ್ತಾಳೆ ತಂಬಿಗೆಯೂ ಬರುತ್ತಿರಲಿಲ್ಲ.) "ನಿನ್ನ ಹಾಡು ಕೇಳೇ ಹೂಂ ಅಂದೆ" ಎಂದು ಅಂದಿನಿಂದ ಅವಳಿಗೆ ಹೇಳುತ್ತ ಬಂದಿದ್ದೇನೆ. ನಮ್ಮ ಸಂಸಾರ ನಿಂತಿರುವುದೇ ಆ ಒಂದು ವಾಕ್ಯದ ಮೇಲೆ. ಪುಣೆಗೆ ಬಂದ ಮೇಲೆ ನೌಕರಿ, ಮಗಳು, ಮನೆ ಎನ್ನುತ್ತ ಅವಳು ಹಾಡುವುದನ್ನೇ ಬಿಟ್ಟಳು. ಅದು ನನಗೆ ಒಳಗೊಳಗೇ ಬೇಸರ. ಲಗ್ನದ ವಾರ್ಷಿಕ ದಿನ ಆ ಹಾಡನ್ನು ಅಂದಿನಷ್ಟೇ ತುಂಬಿದ ದನಿಯಲ್ಲಿ ಅವಳಿಗೆ ಕೇಳಿಸಬೇಕೆಂದು ನಿರ್ಧರಿಸಿದೆ.

ಮಗಳು ಶರ್ವರಿ ಹಾಡನ್ನು ಪೆನ್‌ಡ್ರೈವಿಗೆ ಇಳಿಸಿಕೊಟ್ಟು, "ಅಪ್ಪಾ, ಎರಡು ಸಣ್ಣ ಸ್ಪೀಕರ್, ಕೆಳಗೊಂದು ಸಬ್‌ವೂಫರ್ ತೊಗೊ. ಸಾಕು" ಅಂದಳು.

"ಸಬ್‌ವೂಫರ್ ಅಂದ್ರ ಗಣಪತಿ ಮೆರವಣಿಗಿ ಧಡಧಡ ಅಷ್ಟ. ಹಾಡವ್ರ ಧ್ವನಿ ಇರೋದು ನಡುವ. ದಪ್ಪ ದನಿಗೊಂದು, ನಡುವಿನದಕ್ಕೊಂದು, ಸಣ್ಣದಕ್ಕೊಂದು, ಒಂದು ಪೆಟಗ್ಯಾಗ ಮೂರು ಸ್ಪೀಕರ್ ಬೇಕು. ನಾನ ಮಾಡ್ತೀನಿ."

"ನೀವು ಮಾಡ್ತೀರಿ?" ಅನುಸೂಯಾ ಅಡಿಗೆಮನೆಯಿಂದ ಇಣುಕಿದಳು. "ಬಚ್ಚಲದ ಚಿಲಕಾ ಎರಡು ವರ್ಷದಿಂದ ಜೋತಾಡ್ಲಿಕ್ಹತ್ತದ. ಮೊದಲ ಅದನ್ನ ಹಚ್ರಿ."

ಇವಳಿಗೇನು ಗೊತ್ತು? ಹಾಸ್ಟೆಲಿನಲ್ಲಿದ್ದಾಗ ಚಹಾಪುಡಿಯ ಪೆಟ್ಟಿಗೆಯ ಹಲಗೆಯಿಂದ ನಾನು ಕಟ್ಟಿದ ಸ್ಪೀಕರನ್ನು ಇಡೀ ಓಣಿ ಕೇಳುತ್ತಿತ್ತು. (ಬೇರೆ ದಾರಿ ಇರಲಿಲ್ಲ.)

ಎರಡು ತಿಂಗಳು ಬಾಲ್ಕನಿ ನನ್ನ ಕರ್ಮಭೂಮಿಯಾಯಿತು. ಒಣಹಾಕಿದ ಸೀರೆಗಳಿಗೆ ಫೆವಿಕಾಲ್, ನನ್ನ ಹೆಬ್ಬೆರಳಿಗೆ ಬ್ಯಾಂಡೇಜು. ತೂತು ಕೊರೆಯಲು ಬಂದ ಬಡಿಗ ಪಂಢರಿನಾಥ ಪ್ಲೈವುಡ್ಡನ್ನು ಸುತ್ತುಹಾಕಿ ನೋಡಿ, "ಕಾಕಾ, ಹೆ ಕಪಾಟ ಆಹೆ ಕಾ?" ಎಂದು ಕೇಳಿದ. ಕಪಾಟಲ್ಲಪ್ಪಾ ಅಂದೆ. ಎಡಕ್ಕೊಂದು ಬಲಕ್ಕೊಂದು, ಎರಡೂ ಪೆಟ್ಟಿಗೆಗಳು ನನ್ನ ಎದೆಯೆತ್ತರ ಬಂದವು. ಅವಕ್ಕೆ ಜಾಗ ಬಿಟ್ಟು ಹಾಲಿನ ದಿವಾನ ಮಗಳ ಕೋಣೆಗೆ ಹೋಯಿತು.

ವಾರ್ಷಿಕ ದಿನ ಬಂತು. ಅನುಸೂಯಾಳನ್ನು ಎದುರಿಗೆ ಕೂರಿಸಿ ಗುಂಡಿ ಒತ್ತಿದೆ.

ಮೊದಲು ಹಾರ್ಮೋನಿಯಂ. ಆಮೇಲೆ ಇಪ್ಪತ್ತೆರಡು ವರ್ಷದ ಅನುಸೂಯಾ, ತುಸು ನಡುಗುವ ದನಿ, ಬಳೆಯ ಸಪ್ಪಳ ಸಹಿತ. ಅವರ ಪಡಸಾಲೆಯ ಊದುಬತ್ತಿಯ ವಾಸನೆ ನನ್ನ ಮೂಗಿಗೆ ಬಂತು. ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು. ನಾನೂ ಒರೆಸಿಕೊಂಡೆ.

ಎರಡನೆಯ ನುಡಿಯ ನಂತರ ಎಡಗಡೆಯ ಪೆಟ್ಟಿಗೆಯೊಳಗಿಂದ ಯಾರೋ ಪಿಸುಗುಟ್ಟಿದರು. ಅಂದು ಅಜ್ಜಿಗೆ ಕೇಳಿಸಿದಾಗ ಟೇಪ್ ರೆಕಾರ್ಡರಿನಲ್ಲಿ ಬರೀ ಗೊರಗೊರ ಎಂದಿದ್ದ ಜಾಗ ಅದು.

"ಶ್ಯಾಮಾ, ಇನ್ನೂ ಎಷ್ಟು ನುಡಿ ಅವಲೇ? ಉಪ್ಪಿಟ್ಟು ಆರಿ ಹೋಗ್ಲಿಕ್ಹತ್ತದ."

ಶ್ಯಾಮ ಅಂದು ಜೊತೆಗೆ ಬಂದಿದ್ದ ನನ್ನ ಕಾಕಾನ ಮಗ. ಧ್ವನಿ ನನ್ನದು.

"ಹುಡುಗಿ ಹೆಂಗನಸ್ತಾಳೋ?" ಎಂದಿತು ಶ್ಯಾಮನ ಧ್ವನಿ.

"ನಾ ಎಲ್ಲಿ ನೋಡೀನಿ? ಉಪ್ಪಿಟ್ಟಿನಾಗ ಗೋಡಂಬಿ ಹಾಕ್ಯಾರ. ಹೂಂ ಅಂದುಬಿಡೋಣ."

ಶರ್ವರಿ ದುಪಟ್ಟಾ ಬಾಯಿಗೆ ತುರುಕಿಕೊಂಡು ಒಳಗೆ ಓಡಿದಳು. ಅನುಸೂಯಾ ಹಾಡು ಪೂರ್ತಿ ಕೇಳಿ, ಎದ್ದು, ಪೆಟ್ಟಿಗೆಯ ಮೇಲೆ ಕೈಯಾಡಿಸಿದಳು.

"ನೀವಂದದ್ದು ಖರೆ ಬಿಡ್ರಿ. ಸಣ್ಣ ಸ್ಪೀಕರಿನಾಗ ಇಷ್ಟು ಸ್ಪಷ್ಟ ಕೇಳ್ತಿದ್ದಿಲ್ಲ." ಸೆರಗು ಸಿಕ್ಕಿಸಿಕೊಳ್ಳುತ್ತ ಅಂದಳು, "ಆ ಉಪ್ಪಿಟ್ಟು ಮಾಡಿದ್ದು ನಮ್ಮ ಕಾಕು. ನೀವು ಅವರನ್ನ ಲಗ್ನ ಆಗಬೇಕಿತ್ತು."

ಮರುದಿನದಿಂದ ನಮ್ಮಲ್ಲಿ ಹೊಸ ಪದ್ಧತಿ. ಬೆಳಿಗ್ಗೆ ಉಪ್ಪಿಟ್ಟಿನ ಮೇಲೆ ತಾಟು ಮುಚ್ಚಿಟ್ಟು ಅವಳು ಐದೂ ನುಡಿ ಹಾಡುತ್ತಾಳೆ. ಮುಗಿಯುವ ತನಕ ತಾಟು ಮುಟ್ಟುವಂತಿಲ್ಲ. ದನಿ ಮೇಲೆ ಹೋದಾಗ ಸ್ವಲ್ಪ ಒಡೆಯುತ್ತದೆ, ಆದರೂ ಅದೇ ದನಿ. ನಿನ್ನೆ ಐದನೆಯ ನುಡಿ ಮುಗಿದಾಗ ತಾಟಿನ ಕಡೆ ನನ್ನ ಕೈಯೇ ಹೋಗಲಿಲ್ಲ.

"ಇನ್ನೊಂದು ಹಾಡು," ಅಂದೆ. ದೇವರಾಣೆ, ಮನಸಾರೆ ಅಂದೆ.

ಅವಳು ನನ್ನ ಮುಖ ನೋಡಿದಳು, ತಾಟು ಸರಿಸಿ ತಣ್ಣಗಿನ ಉಪ್ಪಿಟ್ಟನ್ನು ನನ್ನ ಮುಂದೆ ತಳ್ಳಿದಳು.

"ಇವತ್ತು ಗೋಡಂಬಿ ಹಾಕಿಲ್ಲರಿ."